ಮ್ಯಾನೇಜರಿಕೆಯ ಕಾಗದಕ್ಕೆ ಸಹಿ ಹಾಕುವ ಮುನ್ನ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಶಟರು ಎಳೆದು, ಕೈಯ ಎಣ್ಣೆ ಜಿಡ್ಡು ತೊಳೆದುಕೊಂಡು, ಕೊನೆಯ ಲೋಕಲ್ಲು ತಪ್ಪೀತೆಂಬ ಚಿಂತೆಯಲ್ಲೇ ತಾವೆಲ್ಲ ಇಲ್ಲಿ ಬಂದು ಕುಳಿತಿದ್ದೀರಿ. ಆದುದರಿಂದ ಉದ್ದ ಪೀಠಿಕೆ ಹಾಕುವುದಿಲ್ಲ. ಇಂದಿನ ವಿಷಯ, ಮೇಲಿನ ಹುದ್ದೆಯ ನೌಕರಿಯ ಕರಾರು. ಮ್ಯಾನೇಜರು, ಸೂಪರ್‌ವೈಸರು, ಬ್ಯಾಂಕಿನ ಅಧಿಕಾರಿ, ಕಂಪೆನಿಯ ದೊಡ್ಡ ಸಾಹೇಬರು ಕೆಲಸಕ್ಕೆ ಸೇರುವಾಗ ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ, ಹಾಕುವ ಮುಂಚೆ ಏನು ಕೇಳಬೇಕು ಎಂಬುದು.

"ಅದು ದೊಡ್ಡವರ ಮಾತು, ಕಪ್ಪು ಬಸಿ ತೊಳೆಯುವ ನಮಗೇಕೆ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಅದಕ್ಕೆ ಉತ್ತರವಾಗಿ ನಮ್ಮಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಹೋಟೆಲಿನಲ್ಲಿ ನಮ್ಮ ಸದಸ್ಯರೊಬ್ಬರಿದ್ದರು. ಟೇಬಲ್ಲು ಒರೆಸುವುದರಿಂದ ತೊಡಗಿ, ಸಪ್ಲೈಯರಾಗಿ, ಗಲ್ಲಾದ ಹತ್ತಿರ ನಿಲ್ಲುವಷ್ಟರ ಮಟ್ಟಿಗೆ ಮೇಲೆ ಬಂದವರು. ಹದಿಮೂರು ವರ್ಷ ದುಡಿದ ಮೇಲೆ ಧಣಿಗಳು ಅವರನ್ನು ಮ್ಯಾನೇಜರು ಮಾಡಿದರು. ಪಗಾರ ಏರಿತು. ಇಂಗ್ಲಿಷಿನಲ್ಲಿದ್ದ ಎರಡು ಹಾಳೆಯ ಕಾಗದಕ್ಕೆ ಅವರು ನಿಂತಲ್ಲೇ ಸಹಿ ಹಾಕಿದರು. ನಾವು ಏನು ಮಾಡಿದೆವು? ಸಂಘದಲ್ಲಿ ಸಭೆ ಕರೆದು ಹಾರ ಹಾಕಿ ಶಾಲು ಹೊದಿಸಿದೆವು. "ನಮ್ಮ ಹುಡುಗ ಮ್ಯಾನೇಜರಾದ" ಎಂದು ಚಪ್ಪಾಳೆ ತಟ್ಟಿದೆವು. ಕಾಗದವನ್ನು ಮಾತ್ರ ಯಾರೂ ಓದಲಿಲ್ಲ.

ವರುಷ ತುಂಬುವಷ್ಟರಲ್ಲಿ ಗಲ್ಲಾದಲ್ಲಿ ಹಣ ಕಡಿಮೆ ಬಂತೆಂದು ಅವರನ್ನು ಮನೆಗೆ ಕಳುಹಿಸಿದರು. ವಿಚಾರಣೆಯಿಲ್ಲ, ಕೈಯಲ್ಲೊಂದು ತಿಂಗಳ ಪಗಾರ. ನಾವು ಎಂದಿನಂತೆ ಲೇಬರ್ ಆಫೀಸಿನ ಮೆಟ್ಟಿಲೇರಿದೆವು. ಧಣಿಗಳ ವಕೀಲರು ಆ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟು, "ಈತ ಮ್ಯಾನೇಜರು, ಕಾರ್ಮಿಕನಲ್ಲ, ಈ ಕಾನೂನು ಇವನಿಗೆ ಅನ್ವಯಿಸುವುದಿಲ್ಲ" ಎಂದರು. ನಾವು ಹಾರ ಹಾಕಿ ಮೆರೆಸಿದ ಅದೇ ಹೆಸರು ಅಲ್ಲಿ ಅವರ ಕೊರಳಿಗೆ ಉರುಳಾಯಿತು.

ಈಗ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 1947ರ ಔದ್ಯೋಗಿಕ ವಿವಾದ ಕಾಯಿದೆ ಕಾರ್ಮಿಕನಿಗೆ ರಕ್ಷಣೆ ಕೊಟ್ಟಿತು. ಅನ್ಯಾಯವಾಗಿ ತೆಗೆದರೆ ಲೇಬರ್ ಕೋರ್ಟಿಗೆ ಹೋಗಬಹುದಿತ್ತು, ಕೋರ್ಟು ಅವನನ್ನು ಮರಳಿ ಕೆಲಸಕ್ಕೆ ಸೇರಿಸಬಹುದಿತ್ತು. ಆದರೆ ಆ ಕಾಯಿದೆ ಇಬ್ಬರನ್ನು ಹೊರಗಿಟ್ಟಿತು. ಮುಖ್ಯವಾಗಿ ವ್ಯವಸ್ಥಾಪನೆಯ ಅಥವಾ ಆಡಳಿತದ ಕೆಲಸ ಮಾಡುವವರು, ಪಗಾರ ಎಷ್ಟೇ ಇರಲಿ, ಹೊರಗೆ. ಮೇಲ್ವಿಚಾರಣೆಯ ಕೆಲಸ ಮಾಡುವವರು ಒಂದು ಮಿತಿಗಿಂತ ಹೆಚ್ಚು ಪಗಾರ ಪಡೆದರೆ ಹೊರಗೆ. ಆ ಮಿತಿ ಮೊದಲು ತಿಂಗಳಿಗೆ 500 ರೂಪಾಯಿ ಇತ್ತು. 1984ರಲ್ಲಿ 1,600 ಆಯಿತು, 2010ರಲ್ಲಿ 10,000 ಆಯಿತು. 2025ರ ನವೆಂಬರ್ 21ರಂದು ಹಳೆಯ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ ಬಂದು, ಮಿತಿ 18,000ಕ್ಕೆ ಏರಿತು. ಇಂದಿನ ಮುಂಬಯಿಯಲ್ಲಿ ಆ ಗೆರೆಯನ್ನು ದಾಟಲು ದೊಡ್ಡ ಸಾಹೇಬನೇ ಆಗಬೇಕಿಲ್ಲವೆಂಬುದನ್ನು ತಾವೇ ಬಲ್ಲಿರಿ.

ಆದರೆ ಒಂದು ಸಮಾಧಾನವಿದೆ. ಕಾನೂನು ಬೋರ್ಡಿನ ಮೇಲಿನ ಹೆಸರನ್ನಲ್ಲ, ಕೈ ಮಾಡುವ ಕೆಲಸವನ್ನು ನೋಡುತ್ತದೆ. ಸೀಬಾ ಗಾಯ್ಗಿ ಎಂಬ ಮುಂಬಯಿಯ ಔಷಧ ಕಂಪೆನಿಗೂ ಅದರ ನೌಕರರಾಗಿದ್ದ ಆರ್ಕಲ್ ಗೋವಿಂದರಾಜ ರಾವ್ ಅವರಿಗೂ ನಡೆದ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಸ್ಟೆನೋಗ್ರಾಫರು ಮತ್ತು ಲೆಕ್ಕಿಗರಾಗಿ ಸೇರಿದ್ದ ಅವರಿಗೆ ಮುಂದೆ ಬಡ್ತಿ ಸಿಕ್ಕಿತ್ತು. ಮುಖ್ಯ ಕೆಲಸ ಗುಮಾಸ್ತಿಕೆಯದೇ ಆಗಿದ್ದರೆ, ಜೊತೆಗೆ ಒಂದಿಷ್ಟು ಮೇಲ್ವಿಚಾರಣೆ ಅಂಟಿಕೊಂಡಿತೆಂಬ ಮಾತ್ರಕ್ಕೆ ಆತ ಕಾರ್ಮಿಕನಲ್ಲವೆಂದಾಗುವುದಿಲ್ಲ ಎಂದು ಕೋರ್ಟು ತೀರ್ಮಾನಿಸಿತು.

ನಮ್ಮ ಸದಸ್ಯರ ವಿಷಯದಲ್ಲಿ ನಾವೂ ಈ ದಾರಿಯನ್ನೇ ಹಿಡಿದೆವು. ಭಾನುವಾರದ ನೂಕುನುಗ್ಗಲಲ್ಲಿ ಅವರೇ ತಟ್ಟೆ ಹಿಡಿದು ಸಪ್ಲೈ ಮಾಡುತ್ತಿದ್ದರು. ತಿಜೋರಿಯ ಬೀಗದ ಕೈ ಧಣಿಗಳ ಬಳಿಯೇ ಇತ್ತು. ಹುಡುಗರಿಗೆ ರಜೆ ಕೊಡುವುದಾಗಲಿ, ಯಾರನ್ನಾದರೂ ಇಡುವುದಾಗಲಿ ತೆಗೆಯುವುದಾಗಲಿ ಅವರ ಕೈಯಲ್ಲಿರಲಿಲ್ಲ. ಆದರೆ ಇದಕ್ಕೆಲ್ಲ ಕಾಗದದ ಸಾಕ್ಷಿ ಎಲ್ಲಿಂದ ತರುವುದು? ಜೊತೆಯ ಹುಡುಗರು ನೌಕರಿಯ ಭಯದಿಂದ ಬಾಯಿ ಬಿಡಲಿಲ್ಲ. ಕೊನೆಗೆ ರಾಜಿಯಾಯಿತು. ಹಣದ ಆರೋಪವನ್ನು ಬಿಟ್ಟುಕೊಟ್ಟರು, ಮೂರು ತಿಂಗಳ ಪಗಾರ ಕೊಟ್ಟರು. ಗ್ರಾಚ್ಯುಯಿಟಿ ಪೂರ್ತಿ ಬಂತು, ಏಕೆಂದರೆ ಅದರ ಕಾನೂನು ಮ್ಯಾನೇಜರನ್ನೂ ಹೊರಗಿಡುವುದಿಲ್ಲ. ಅವರ ಮೂಲ ಪಗಾರ 20,800. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 800. ಹದಿನೈದು ದಿನಕ್ಕೆ 12,000. ಹದಿನಾಲ್ಕು ವರ್ಷಕ್ಕೆ 1,68,000 ರೂಪಾಯಿ. ಈ ಲೆಕ್ಕವನ್ನು ಪ್ರತಿಯೊಬ್ಬರೂ ಕಲಿತುಕೊಳ್ಳಿರಿ. ನೌಕರಿ ಮಾತ್ರ ಮರಳಿ ಬರಲಿಲ್ಲ.

ಇನ್ನು ನಿಜವಾಗಿಯೂ ಮೇಲಿನ ಹುದ್ದೆಯಲ್ಲಿರುವವರ ಗತಿಯೇನು? ಅವರಿಗೆ ಲೇಬರ್ ಕೋರ್ಟಿಲ್ಲ, ಸಿವಿಲ್ ಕೋರ್ಟೇ ಗತಿ. ಖಾಸಗಿ ನೌಕರಿಯ ಕರಾರನ್ನು ಬಲವಂತವಾಗಿ ನಡೆಸುವುದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಸಾಧ್ಯವಿಲ್ಲ. ಅಂದರೆ ಕೆಲಸ ಮರಳಿ ಸಿಗದು, ಸಿಕ್ಕರೆ ನಷ್ಟಪರಿಹಾರ. ಅದು ಕೂಡ ಸಾಮಾನ್ಯವಾಗಿ ಕರಾರಿನಲ್ಲಿ ಬರೆದ ನೋಟೀಸಿನ ಅವಧಿಯ ಪಗಾರದಷ್ಟೇ. 2016ರ ಅಕ್ಟೋಬರ್ 24ರಂದು ಟಾಟಾ ಸನ್ಸ್ ಕಂಪೆನಿಯ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರನ್ನು ಆಡಳಿತ ಮಂಡಳಿ ಒಂದೇ ಸಭೆಯಲ್ಲಿ ಇಳಿಸಿತು. ಅದು ಕಂಪೆನಿ ಕಾನೂನಿನ ಖಟ್ಲೆಯಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರಲ್ಲಿ ತೀರ್ಪು ಟಾಟಾ ಸನ್ಸ್ ಪರವಾಗಿಯೇ ಬಂತು. ಈ ನಗರದ ಅತಿ ಎತ್ತರದ ಕುರ್ಚಿಯೂ ಒಂದು ಮಧ್ಯಾಹ್ನದಲ್ಲಿ ಖಾಲಿಯಾಗಬಹುದು. ಆದುದರಿಂದಲೇ ದೊಡ್ಡವರು ಕುರ್ಚಿಯಲ್ಲಿ ಕೂರುವ ಮುಂಚೆಯೇ ವಕೀಲರನ್ನು ಕರೆದುಕೊಂಡು ಚೌಕಾಸಿ ಮಾಡುತ್ತಾರೆ. ನಮ್ಮವರು ಕುರ್ಚಿ ಹೋದ ಮೇಲೆ ವಕೀಲರನ್ನು ಹುಡುಕುತ್ತಾರೆ. ವ್ಯತ್ಯಾಸ ಇಷ್ಟೇ.

ಇನ್ನೊಂದು ಭಯ, ಬಿಟ್ಟು ಹೋಗುವವರಿಗೆ ಹಾಕುವ ಕಟ್ಟು. ಇಲ್ಲೇ ಕಲ್ಯಾಣದ ಸೆಂಚುರಿ ರೇಯಾನಿನಲ್ಲಿ ಟೈರಿನ ನೂಲು ತಯಾರಿಸುವ ವಿಭಾಗಕ್ಕೆ ನಿರಂಜನ ಶಂಕರ ಗೋಲಿಕೇರಿ ಎಂಬವರು ಶಿಫ್ಟ್ ಸೂಪರ್‌ವೈಸರಾಗಿ 1963ರಲ್ಲಿ ಐದು ವರ್ಷದ ಕರಾರಿನ ಮೇಲೆ ಸೇರಿದರು. ತರಬೇತಿ ಮುಗಿಸಿ 1964ರಲ್ಲಿ ಹೆಚ್ಚಿನ ಪಗಾರಕ್ಕೆ ರಾಜಸ್ಥಾನದ ಕೋಟಾದಲ್ಲಿದ್ದ ಪ್ರತಿಸ್ಪರ್ಧಿ ಕಾರಖಾನೆಗೆ ಹೋದರು. ಕಂಪೆನಿ ಕೋರ್ಟಿಗೆ ಹೋಯಿತು. ಐದು ವರ್ಷದ ಉಳಿದ ಅವಧಿಯಲ್ಲಿ ಅಂಥದೇ ಕೆಲಸವನ್ನು ಬೇರೆಡೆ ಮಾಡಬಾರದೆಂಬ ತಡೆಯನ್ನು 1967ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಇತ್ತೀಚಿನ ಮಾತೆಂದರೆ ನಮ್ಮ ವಿಜಯಾ ಬ್ಯಾಂಕಿನದು. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಕಟ್ಟಿದ ಬ್ಯಾಂಕು, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಅಲ್ಲಿ 2007ರಲ್ಲಿ ಸೀನಿಯರ್ ಮ್ಯಾನೇಜರಾಗಿ ಸೇರಿದ ಪ್ರಶಾಂತ ನಾರ್ನವರೆ ಎಂಬವರು ಮೂರು ವರ್ಷ ಮುಗಿಯುವ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡುವೆನೆಂಬ ಬಾಂಡಿಗೆ ಸಹಿ ಹಾಕಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಆಕ್ಷೇಪ ಹೇಳುತ್ತಲೇ ಹಣ ಕಟ್ಟಿ, ಮರಳಿ ಕೊಡಿಸಬೇಕೆಂದು ಖಟ್ಲೆ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟಿನಲ್ಲಿ ಬ್ಯಾಂಕು ಗೆದ್ದಿತು. ಸರಕಾರಿ ಬ್ಯಾಂಕು ಬಹಿರಂಗ ಜಾಹೀರಾತು ಕೊಟ್ಟು ಖರ್ಚು ಮಾಡಿ ಜನರನ್ನು ಆರಿಸಬೇಕಾಗುತ್ತದೆ, ನಡುವೆ ಬಿಟ್ಟರೆ ನಷ್ಟ, ಆ ಹುದ್ದೆಯ ಪಗಾರಕ್ಕೆ ಎರಡು ಲಕ್ಷ ವಿಪರೀತವೇನಲ್ಲ ಎಂಬುದು ಕೋರ್ಟಿನ ವಿಚಾರ. ಹದಿನಾರು ವರ್ಷದ ಹೋರಾಟ ಒಂದು ಸಹಿಯ ಮುಂದೆ ಸೋತಿತು. ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕು, ಕಂಪೆನಿ ಸೇರುವ ನಮ್ಮ ಮಕ್ಕಳು ಇದನ್ನು ನೆನಪಿಡಬೇಕು.

ಆದರೆ ಕರಾರು ಮುಗಿದ ಮೇಲೆ? ಅಲ್ಲಿ ಕಾನೂನು ನಮ್ಮ ಕಡೆಗಿದೆ. 1872ರ ಕರಾರು ಕಾಯಿದೆಯ 27ನೆಯ ಕಲಮಿನಂತೆ, ಹೊಟ್ಟೆಪಾಡಿನ ಉದ್ಯೋಗ ಮಾಡದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು ಆ ಮಟ್ಟಿಗೆ ರದ್ದು. ಬಿಟ್ಟ ಮೇಲೆ ಎರಡು ವರ್ಷ ಆಸುಪಾಸಿನ ಯಾವ ಹೋಟೆಲಿನಲ್ಲೂ ದುಡಿಯಬಾರದೆಂದು ಯಾರಾದರೂ ಬರೆಸಿಕೊಂಡಿದ್ದರೆ ಅಂಜಬೇಡಿ. ಹಾಗೆಂದು ಧಣಿಗಳ ಪುಸ್ತಕ, ಗಿರಾಕಿಗಳ ಪಟ್ಟಿ, ವ್ಯಾಪಾರದ ಗುಟ್ಟು ಹೊತ್ತುಕೊಂಡು ಹೋಗಲು ಕಾನೂನು ಬಿಡುವುದಿಲ್ಲ. ಕೈಯ ಕಸುಬು ನಿಮ್ಮದು, ಧಣಿಗಳ ಕಾಗದ ಅವರದು.

ಹಾಗಾದರೆ ಸಹಿಗೆ ಮುನ್ನ ಏನು ಕೇಳಬೇಕು? ಒಂದೊಂದಾಗಿ ಹೇಳುತ್ತೇವೆ.

ಒಂದನೆಯದು, ನೇಮಕದ ಪತ್ರ. ಹತ್ತು ಜನ ದುಡಿಯುವ ಸಂಸ್ಥೆಯಲ್ಲಿ ಪ್ರತಿ ನೌಕರನಿಗೂ ಅದನ್ನು ಕೊಡಬೇಕೆಂದು ಈಗಿನ ಹೊಸ ಸಂಹಿತೆಯೇ ಹೇಳುತ್ತದೆ. ಬೇಡುವುದು ಉದ್ಧಟತನವಲ್ಲ. ಹಿಂದೆ ಗಿರಣಿಯ ಬಾಗಿಲಲ್ಲಿ ಜಾಬರನ ಬಾಯಿಮಾತೇ ನೇಮಕವಾಗಿತ್ತು, ಅವನ ಕೈ ಬಿಸಿ ಮಾಡದವನಿಗೆ ಬದಲಿ ಕೆಲಸವೂ ಇರಲಿಲ್ಲ. 1935ರಲ್ಲಿ ಬದಲಿಯವರ ಹೆಸರನ್ನು ಕಾಗದಕ್ಕೆ ಇಳಿಸುವ ಪದ್ಧತಿ ಬಂದ ಮೇಲೆ ಜಾಬರನ ಹಿಡಿತ ಸಡಿಲಾಗತೊಡಗಿತು. ಕಾಗದದ ಬಲ ಅಂಥದು.

ಎರಡನೆಯದು, ಕೆಲಸದ ಪಟ್ಟಿ. ಹೆಸರು ಮ್ಯಾನೇಜರೆಂದಿದ್ದರೆ ಅಧಿಕಾರವೂ ಬರೆದಿರಲಿ. ಯಾರನ್ನು ನೇಮಿಸಬಹುದು, ಎಷ್ಟು ಖರ್ಚು ಮಾಡಬಹುದು, ಯಾರಿಗೆ ಉತ್ತರ ಕೊಡಬೇಕು. ಅಧಿಕಾರವಿಲ್ಲದಿದ್ದರೆ ಹೆಸರೂ ಬೇಡವೆನ್ನಿರಿ.

ಮೂರನೆಯದು, ಪಗಾರದ ಒಡಲು. ಒಟ್ಟು ಮೊತ್ತಕ್ಕೆ ಮರುಳಾಗದೆ ಮೂಲ ಪಗಾರವೆಷ್ಟು, ಭತ್ಯೆಯೆಷ್ಟು, ಊಟ ವಸತಿಗೆ ಕಡಿತವೆಷ್ಟು ಎಂದು ಕೇಳಿರಿ. ಗ್ರಾಚ್ಯುಯಿಟಿಯ ಲೆಕ್ಕ ನಿಂತಿರುವುದು ಇದರ ಮೇಲೆ. ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟಿನ ಅರ್ಧವನ್ನು ಮೀರಿದರೆ, ಮೀರಿದ ಪಾಲೂ ವೇತನವೇ ಎಂದು ಹೊಸ ಸಂಹಿತೆ ಹೇಳುತ್ತದೆ.

ನಾಲ್ಕನೆಯದು, ನೋಟೀಸು. ನಾವು ಬಿಡುವಾಗ ಮೂರು ತಿಂಗಳು, ಅವರು ತೆಗೆಯುವಾಗ ಏಳು ದಿನ ಎಂದಿದ್ದರೆ ಸಹಿ ಬೇಡ. ಎರಡೂ ಕಡೆ ಒಂದೇ ಅಳತೆ ಇರಲಿ. ಲೇಬರ್ ಕೋರ್ಟಿಲ್ಲದವನಿಗೆ ಉಳಿಯುವ ಆಸ್ತಿ ಇದೇ. ತೆಗೆದರೂ, ತಾನಾಗಿ ಬಿಟ್ಟರೂ, ಬಾಕಿ ಪಗಾರ ಎರಡು ಕೆಲಸದ ದಿನಗಳೊಳಗೆ ಸಿಗಬೇಕೆಂಬುದು ಈಗ ಮ್ಯಾನೇಜರಿಗೂ ಇರುವ ಹಕ್ಕು.

ಐದನೆಯದು, ಹೊಣೆ. ಗಲ್ಲಾದಲ್ಲಿ ಕಡಿಮೆ ಬಂದರೆ ವಿಚಾರಣೆ ಹೇಗೆ ಎಂದು ಬರೆದಿರಲಿ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಕಂಪೆನಿಯು ಒಬ್ಬನನ್ನು ಜವಾಬ್ದಾರನೆಂದು ಹೆಸರಿಸಬಹುದು. ಅಡಿಗೆಮನೆಯಲ್ಲಿ ತಪ್ಪಾದರೆ ಖಟ್ಲೆ ಆತನ ಮೇಲೆ. ಸಾಮಾನು ಕೊಳ್ಳುವ ಅಧಿಕಾರ ಧಣಿಗಳದು, ಜೈಲಿನ ಭಯ ನಮ್ಮದು ಆಗಬಾರದು.

ಆರನೆಯದು, ಬಾಂಡು ಮತ್ತು ಕೋರ್ಟಿನ ಊರು. ಎಷ್ಟು ಹಣ, ಎಷ್ಟು ವರ್ಷ, ವರ್ಷ ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ಚೌಕಾಸಿ ಮಾಡಿರಿ. ವ್ಯಾಜ್ಯ ಯಾವ ಊರಿನ ಕೋರ್ಟಿನಲ್ಲೆಂದೂ ನೋಡಿರಿ. ಮುಂಬಯಿಯ ಕೋರ್ಟೇ ಎಂದು ಬರೆದ ಕರಾರಿಗೆ ಸಹಿ ಹಾಕಿದ ಬ್ಯಾಂಕ್ ನೌಕರರು ಪಟ್ನಾ, ದಿಲ್ಲಿಗಳಲ್ಲಿ ಹೂಡಿದ್ದ ಖಟ್ಲೆಗಳ ವಿಷಯದಲ್ಲಿ, ಮುಂಬಯಿಗೇ ಬರಬೇಕೆಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿತು. ನಾಳೆ ಉಡುಪಿಯಲ್ಲೋ ಪುಣೆಯಲ್ಲೋ ಕೆಲಸಕ್ಕೆ ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ.

ನಮ್ಮಲ್ಲೇ ದುಡಿದು ಇಂದು ಸ್ವಂತ ಹೋಟೆಲು ನಡೆಸುವವರೂ ಈ ಸಭೆಯಲ್ಲಿದ್ದಾರೆ. ಅವರಿಗೂ ಒಂದು ಮಾತು. ಮ್ಯಾನೇಜರನ್ನು ನೇಮಿಸುವಾಗ ಆತನಿಗೆ ತಿಳಿಯುವ ಭಾಷೆಯಲ್ಲಿ ಕಾಗದ ಓದಿಸಿರಿ, ಒಂದು ಪ್ರತಿ ಕೊಡಿರಿ, ಮನೆಗೊಯ್ದು ಯೋಚಿಸಲು ಎರಡು ದಿನ ಬಿಡಿರಿ. ಅವಸರದಲ್ಲಿ ಹಾಕಿಸಿದ ಸಹಿ ನಾಳೆ ನಿಮ್ಮನ್ನೂ ಕೋರ್ಟಿಗೆ ಅಲೆಸುತ್ತದೆ. ತಾವೂ ಒಂದು ದಿನ ಇದೇ ಬೆಂಚಿನ ಮೇಲೆ ಕುಳಿತಿದ್ದಿರೆಂಬುದನ್ನು ಮರೆಯಬೇಡಿರಿ.

ಬಂಧುಗಳೇ, ಬಡ್ತಿ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮವರು ಮ್ಯಾನೇಜರಾಗಲಿ, ಕಂಪೆನಿಯ ಸಾಹೇಬರಾಗಲಿ. ಆದರೆ ಕೆಳಗಿನ ಮೆಟ್ಟಿಲಲ್ಲಿ ನಮ್ಮನ್ನು ಕಾಯುವುದು ಸಂಘ ಮತ್ತು ಕಾನೂನು. ಮೇಲಿನ ಮೆಟ್ಟಿಲಲ್ಲಿ ಹೆಚ್ಚಿನ ಮಟ್ಟಿಗೆ ಕಾಯುವುದು ನಾವೇ ಸಹಿ ಹಾಕಿದ ಕಾಗದ. ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಇಡುತ್ತೇವೆ. ಇನ್ನು ಮುಂದೆ ಸದಸ್ಯರಿಗೆ ಬಡ್ತಿಯ ಪತ್ರ ಬಂದ ಕೂಡಲೇ ಅದನ್ನು ಸಂಘಕ್ಕೆ ತರಲಿ. ತಿಂಗಳಿಗೊಂದು ರಾತ್ರಿ ವಕೀಲರೊಬ್ಬರನ್ನು ಕೂರಿಸಿ ಕನ್ನಡದಲ್ಲಿ ಓದಿ ಹೇಳಿಸೋಣ. ಕಾಗದ ಓದಿದ ಮೇಲೆ ಹಾರ ಹಾಕೋಣ.

ಆ ನಮ್ಮ ಸದಸ್ಯರು ಈಗ ಬೇರೆ ಹೋಟೆಲಿನಲ್ಲಿದ್ದಾರೆ. ಇಂದು ಸಭೆಗೂ ಬಂದಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಅಂದು ಚಪ್ಪಾಳೆ ತಟ್ಟಿದ್ದಕ್ಕೆ ಅವರಲ್ಲಿ ಕ್ಷಮೆ ಕೇಳಿ ನಮ್ಮ ಮಾತು ಮುಗಿಸುತ್ತೇವೆ.