ಕುಲುಕಾಟಕ್ಕೆ ಲಗಾಮು



ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಹೋಗುವ ಸೀಮೆಯಲ್ಲಿ ಎರೆಭೂಮಿ ಹೇರಳ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇಂಥ ನೆಲದ ಮೇಲೆ ಹಾಸಿದ ರಸ್ತೆಯಲ್ಲಿ ಕಾಲಕ್ರಮದಲ್ಲಿ ಅಲೆಗಳೇಳುವುದು ಸಹಜ. ಅಂಥ ದಾರಿಯಲ್ಲಿ ಕಾರು ದೋಣಿಯಂತೆ ತೂಗಾಡುವುದನ್ನು ಅನುಭವಿಸಿದವರು, ಪಂದ್ಯದ ಕಾರನ್ನು ನಿರ್ಮಿಸುವ ಯಂತ್ರಶಿಲ್ಪಿಗಳ ಒಂದು ಮುಖ್ಯ ಸಮಸ್ಯೆಯನ್ನು ಆಗಲೇ ಬಲ್ಲರು.

ಕಾರಿನ ಕಮಾನು ಪೆಟ್ಟನ್ನು ನುಂಗಿಬಿಡುವುದಿಲ್ಲ, ಕೂಡಿಟ್ಟುಕೊಂಡು ಹಿಂದಿರುಗಿಸುತ್ತದೆ. ಆದುದರಿಂದ ಕಮಾನು ಮಾತ್ರವಿದ್ದರೆ ಒಂದು ಗುಂಡಿಗೆ ಹಲವು ಕುಲುಕು. ಆ ಶಕ್ತಿಯನ್ನು ಕರಗಿಸತಕ್ಕದ್ದು ಷಾಕ್ ಅಬ್ಸಾರ್ಬರು, ನಾವು ಕಂಪಶಾಮಕವೆನ್ನೋಣ. ಎಣ್ಣೆ ತುಂಬಿದ ಕೊಳವೆಯಲ್ಲಿ ಆಡುವ ಪಿಸ್ಟನ್ನು ಎಣ್ಣೆಯನ್ನು ಕಿರುರಂಧ್ರಗಳ ಮೂಲಕ ಒತ್ತುತ್ತದೆ. ಚಲನೆಯ ಶಕ್ತಿ ಶಾಖವಾಗಿ ಗಾಳಿಯನ್ನು ಸೇರುತ್ತದೆ.

ಇದು ಕೇವಲ ಸುಖದ ಮಾತಲ್ಲ. ಸ್ಟೀರಿಂಗಿನ ಆಜ್ಞೆಯನ್ನು ನೆರವೇರಿಸುವುದು ನೆಲವನ್ನು ಹಿಡಿದ ಟೈರು. ಮುಂದಿನ ಚಕ್ರಗಳು ನೆಲಬಿಟ್ಟ ಕ್ಷಣದಲ್ಲಿ ಚಾಲಕನು ಎತ್ತ ತಿರುಗಿಸಿದರೂ ಕಾರು ಕೇಳುವುದಿಲ್ಲ. ಹಾಗೆಂದು ಶಾಮಕವನ್ನು ಅತಿಯಾಗಿ ಬಿಗಿಮಾಡಿದರೂ ಕೇಡೇ: ಚಕ್ರವು ಉಬ್ಬನ್ನು ದಾಟಿ ತಗ್ಗಿಗೆ ಬೇಗನೆ ಇಳಿಯಲಾರದೆ ಗಾಳಿಯಲ್ಲಿಯೇ ಉಳಿಯುತ್ತದೆ. ಸ್ಥೈರ್ಯವೆಂದರೆ ಬಿಗುವಲ್ಲ, ಹದ.

ಈ ಹದವನ್ನರಸಿ ಪಂದ್ಯದವರು ಅನೇಕ ಉಪಾಯಗಳನ್ನು ಹೂಡಿದ್ದಾರೆ. ಕೇಂಬ್ರಿಜ್ಜಿನ ಪ್ರಾಧ್ಯಾಪಕ ಮಾಲ್ಕಂ ಸ್ಮಿತ್ತರು ರೂಪಿಸಿದ ಇನರ್ಟರ್ ಎಂಬ ಉಪಕರಣವನ್ನು ಮೆಕ್‌ಲಾರೆನ್ ತಂಡ 2005ರಲ್ಲಿ ಬಳಸಿತು. ಅದರೊಳಗೆ ತಿರುಗುವ ಪುಟ್ಟ ಗಾಲಿಯ ಜಡತ್ವವು ಟೈರಿನ ಮೇಲಿನ ಭಾರದ ಏರಿಳಿತವನ್ನು ತಗ್ಗಿಸಲು ನೆರವಾಗುತ್ತದೆ. ಅದೇ ವರ್ಷ ರೆನೊ ತಂಡದವರು ಕಾರಿನ ಮೂತಿಯೊಳಗೆ ಕಮಾನಿನ ಆಸರೆಯಲ್ಲಿ ಒಂದು ಭಾರವನ್ನಿರಿಸಿದರು. ಕಾರಿನ ತೂಗಾಟಕ್ಕೆ ಇದಿರಾಗಿ ಆ ಭಾರ ಆಡಿ, ಅದನ್ನು ಅಡಗಿಸುತ್ತಿತ್ತು. 2006ರಲ್ಲಿ ಪಂದ್ಯದ ಅಧಿಕಾರಿಗಳು ಅದನ್ನು ನಿಷೇಧಿಸಿದರು.

ಕೆಲವು ವಾಹನಗಳಲ್ಲಿ ಸ್ಟೀರಿಂಗಿನ ಸಲಾಕಿಗೂ ಒಂದು ಶಾಮಕವನ್ನು ಅಡ್ಡಲಾಗಿ ಜೋಡಿಸುವುದುಂಟು. ಅದು ಚಕ್ರದ ನಡುಕ ಚಾಲಕನ ಕೈಗೆ ಏರದಂತೆ ತಡೆಯುತ್ತದೆ. ಆದರೆ ಕೀಲು ಸವೆದು ನಡುಕ ಹುಟ್ಟಿದ್ದರೆ, ಶಾಮಕವು ರೋಗವನ್ನು ಮುಚ್ಚೀತೇ ಹೊರತು ವಾಸಿಮಾಡಲಾರದು. ಮೊದಲು ಕೀಲು, ಆಮೇಲೆ ಶಾಮಕ.

ಪಂದ್ಯದ ಗೊಡವೆ ನಮಗೇಕೆಂದು ಕೇಳಬಹುದು. ಎರೆಸೀಮೆಯ ರಸ್ತೆಯಲ್ಲಿ ಸಂಸಾರಸಮೇತ ಹೋಗುವವನಿಗೂ ನಿಯಮ ಇದೇ. ನಿಂತ ಕಾರಿನ ಒಂದು ಮೂಲೆಯನ್ನು ಒತ್ತಿಬಿಡಿ. ಅದು ಮತ್ತೆ ಮತ್ತೆ ಕುಲುಕಿದರೆ, ಅಥವಾ ಶಾಮಕದ ಮೈಯಲ್ಲಿ ಎಣ್ಣೆ ಜಿನುಗಿದ್ದರೆ, ಮೆಕ್ಯಾನಿಕ್ಕಿಗೆ ತೋರಿಸುವವರೆಗೆ ದೂರದ ಪ್ರಯಾಣ ಬೇಡ. ಕುಲುಕು ಕಡಿಮೆಯಾದಾಗಲೂ ವೇಗವನ್ನು ಏರಿಸದಿರುವುದು ಚಾಲಕನ ಪಾಲಿನ ಸಂಯಮ. ಅದನ್ನು ಯಾವ ಯಂತ್ರವೂ ಒದಗಿಸಲಾರದು.