ಕಂಪ್ಯೂಟರಿನ ನೆನಪು ಎಲ್ಲಿ ಕೂತಿರುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು 2004ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಮ್ಮ ಕಾಲದಲ್ಲಿ ಇಲ್ಲಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ದೇವಸ್ಥಾನಕ್ಕೆ ಹೋದ ಹಾಗೆ. ವರ್ಷಕ್ಕೆ ನಾಲ್ಕೈದು ಸಲ ದರ್ಶನವಾಗುತ್ತಿತ್ತು. ಮುಟ್ಟುವ ಭಾಗ್ಯ ಮೊದಲ ಬೆಂಚಿನವರಿಗೆ ಮಾತ್ರ. ನಾನು ಕೊನೆಯ ಬೆಂಚಿನವನು.

ಈ ಸ್ಮರಣ ಸಂಚಿಕೆಗೆ ಹಳೆಯ ಫೋಟೋ ಕೂಡಿಸುವ ಕೆಲಸವನ್ನು ಸಮಿತಿಯವರು ನನಗೆ ಒಪ್ಪಿಸಿದ್ದರು. ಕಚೇರಿಯ ಬೀರುವಿನಲ್ಲಿ 1974ರ ದಾಖಲಾತಿ ರಿಜಿಸ್ಟರ್ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿತ್ತು, ಆದರೆ ಕ್ರಮ ಸಂಖ್ಯೆ 1ರಿಂದ ಪ್ರತಿ ಹೆಸರನ್ನೂ ಓದಬಹುದಿತ್ತು. ಆಮೇಲೆ ನಮ್ಮ ಬ್ಯಾಚಿನ ಬೀಳ್ಕೊಡುಗೆ ಸಮಾರಂಭದ ಸಿ.ಡಿ. ಸಿಕ್ಕಿತು. ಗೆಳೆಯನೊಬ್ಬ 20 ವರ್ಷ ಜೋಪಾನ ಮಾಡಿದ್ದ. ಮೂರು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಗರಗರ ತಿರುಗಿತು, ಒಂದು ಫೋಟೋವೂ ಬರಲಿಲ್ಲ. 50 ವರ್ಷದ ಶಾಯಿ ಉಳಿದಿದೆ, 20 ವರ್ಷದ ಸಿ.ಡಿ. ಹೋಗಿದೆ. ಏಕೆ ಎಂಬುದನ್ನೇ ಇವತ್ತು ಹೇಳಬೇಕೆಂದುಕೊಂಡೆ.

ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ ಎಂದು ನೀವು ಓದಿದ್ದೀರಿ. ಈಗ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಎಂಬ ಒಂದೇ ಅಕ್ಷರವನ್ನು ಉಳಿಸಲು ಸಾಮಾನ್ಯವಾಗಿ 3 ಬೈಟ್, ಅಂದರೆ 24 ಸೊನ್ನೆ-ಒಂದುಗಳು ಬೇಕು. ಆದರೆ ಸೊನ್ನೆ, ಒಂದು ಎಂಬುದು ನಾವು ಇಟ್ಟ ಹೆಸರು. ಅವು ಇರುವುದಕ್ಕೆ ಯಾವುದಾದರೂ ವಸ್ತು ಬೇಕೇ ಬೇಕು: ಕಾರ್ಡಿನಲ್ಲಿ ತೂತು, ಡಿಸ್ಕಿನಲ್ಲಿ ಗುಳಿ, ಕಬ್ಬಿಣದ ಪುಡಿಯಲ್ಲಿ ಕಾಂತತ್ವ, ಚಿಪ್ಪಿನಲ್ಲಿ ಎಲೆಕ್ಟ್ರಾನು. ವಸ್ತು ಎಂದ ಮೇಲೆ ಸವೆಯುತ್ತದೆ, ಮಾಸುತ್ತದೆ, ಮುರಿಯುತ್ತದೆ.

ಮೊದಲು ಆ ಸಿ.ಡಿ.ಯನ್ನೇ ನೋಡೋಣ. ಅಂಗಡಿಯಲ್ಲಿ ಸಿಗುತ್ತಿದ್ದ ಹಾಡಿನ ಸಿ.ಡಿ.ಗಳಲ್ಲಿ ಕಾರ್ಖಾನೆಯಲ್ಲೇ ಸಣ್ಣ ಸಣ್ಣ ಗುಳಿಗಳನ್ನು ಒತ್ತಿ, ಮೇಲೆ ಅಲ್ಯೂಮಿನಿಯಂ ಲೇಪಿಸಿರುತ್ತಾರೆ. ಲೇಸರ್ ಕಿರಣ ಸಮತಟ್ಟಾದ ಜಾಗದಿಂದ ಚೆನ್ನಾಗಿ ಪ್ರತಿಫಲಿಸುತ್ತದೆ, ಗುಳಿಯಿಂದ ಮಂಕಾಗಿ. ಮಂಕು-ಹೊಳಪು ಬದಲಾಗುವ ಅಂಚೇ ‘ಒಂದು’, ಬದಲಾಗದೆ ಸಾಗುವ ಜಾಗವೆಲ್ಲ ‘ಸೊನ್ನೆ’. ಈ ಗುಳಿಗಳ ಸಾಲು ಒಳಗಿನಿಂದ ಹೊರಕ್ಕೆ ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ಬಿಡಿಸಿ ನೇರ ಮಾಡಿದರೆ ಸುಮಾರು 5 ಕಿಲೋಮೀಟರ್, ಇಲ್ಲಿಂದ ಮುಖ್ಯರಸ್ತೆಯ ಗೇಟಿನವರೆಗೆ! ಅಷ್ಟರಲ್ಲಿ ಹಿಡಿಯುವುದು 700 ಮೆಗಾಬೈಟ್. ಡಿ.ವಿ.ಡಿ.ಯೂ ಇದೇ ತತ್ವ. ಲೇಸರ್ ಇನ್ನೂ ಸೂಕ್ಷ್ಮವಾದ್ದರಿಂದ 4.7 ಗಿಗಾಬೈಟ್ ಹಿಡಿಯಿತು.

ಆದರೆ ನಾವು ಮನೆಯಲ್ಲೋ ಸ್ಟುಡಿಯೋದಲ್ಲೋ ‘ರೈಟ್’ ಮಾಡಿಸುತ್ತಿದ್ದ ಸಿ.ಡಿ. ಬೇರೆ. ಅದರಲ್ಲಿ ಗುಳಿ ಇಲ್ಲ, ಒಂದು ಬಗೆಯ ಬಣ್ಣದ ಲೇಪನವಿದೆ. ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಕಪ್ಪು ಚುಕ್ಕೆ ಮಾಡುತ್ತದೆ. ಬಿಸಿಲಿಗೆ ಒಣಹಾಕಿದ ಸೀರೆಯ ಬಣ್ಣ ಹೋಗುವ ಹಾಗೆ ಈ ಬಣ್ಣವೂ ಹೋಗುತ್ತದೆ. ನನ್ನ ಗೆಳೆಯ ಸಿ.ಡಿ.ಯನ್ನು ಕಿಟಕಿಯ ಪಕ್ಕದ ಶೋಕೇಸಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ. ಸಾಲದು ಎಂದು ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಅದರ ಮೇಲೆ ನಮ್ಮೆಲ್ಲರ ಹೆಸರು ಬರೆದಿದ್ದ. ಹೊಳೆಯುವ ಕೆಳಭಾಗಕ್ಕೆ ಗೀರು ಬೀಳಬಾರದೆಂದು ನಾವು ಹೆದರುತ್ತೇವೆ. ಆದರೆ ಸಿ.ಡಿ.ಯ ಮಾಹಿತಿ ಇರುವುದು ಮೇಲ್ಗಡೆ, ಲೇಬಲ್ಲಿಗೆ ತಾಗಿಕೊಂಡೇ. ಪ್ರೀತಿಯಿಂದ ಬರೆದ ಆ ಹೆಸರುಗಳೇ ಫೋಟೋಗಳಿಗೆ ಮುಳುವಾದವು.

ಇನ್ನು ಕಾಂತತ್ವ. ಹಿರಿಯರಿಗೆ ಕ್ಯಾಸೆಟ್ ನೆನಪಿದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿ ಬಳಿದಿರುತ್ತಾರೆ, ಅಂದರೆ ಒಂದು ಬಗೆಯ ತುಕ್ಕು. ಟೇಪ್‌ರೆಕಾರ್ಡರಿನ ಹೆಡ್ ಒಂದು ಪುಟ್ಟ ವಿದ್ಯುತ್ಕಾಂತ. ಪಟ್ಟಿ ಅದರ ಮುಂದೆ ಹಾದುಹೋಗುವಾಗ ಧ್ವನಿಗೆ ತಕ್ಕಂತೆ ಪುಡಿಯ ಕಣಗಳು ಕಾಂತಗಳಾಗುತ್ತವೆ. ಒಂಬತ್ತನೇ ತರಗತಿಯ ವಿಜ್ಞಾನದ ಮೇಷ್ಟ್ರು ಮೊಳೆಗೆ ತಂತಿ ಸುತ್ತಿ, ಬ್ಯಾಟರಿ ಸೆಲ್ಲು ಜೋಡಿಸಿ ಗುಂಡುಪಿನ್ನು ಎತ್ತಿಸಿದ್ದರಲ್ಲ, ಅದೇ.

ಹಾರ್ಡ್ ಡಿಸ್ಕ್ ಈ ಕ್ಯಾಸೆಟ್ಟಿನ ಅಣ್ಣ. ಪಟ್ಟಿಯ ಬದಲು ಗಟ್ಟಿ ತಟ್ಟೆ. ಅದರ ಮೇಲಿನ ಒಂದೊಂದು ಚೂರಿನ ಉತ್ತರ-ದಕ್ಷಿಣ ಧ್ರುವ ಯಾವ ಕಡೆಗಿದೆ ಎಂಬುದರಲ್ಲೇ ಸೊನ್ನೆ-ಒಂದುಗಳ ಲೆಕ್ಕ. 1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ನೀವು ಮೊಬೈಲಿನಲ್ಲಿ ತೆಗೆಯುವ ಒಂದೆರಡು ಫೋಟೋಗೆ ಅಷ್ಟೂ ಜಾಗ ಸಾಲದು. ಈಗಿನ ಪೋರ್ಟಬಲ್ ಡಿಸ್ಕಿನಲ್ಲಿ ತಟ್ಟೆ ಸೆಕೆಂಡಿಗೆ 90 ಸುತ್ತು ಸುತ್ತುತ್ತದೆ. ಹೆಡ್ ಅದನ್ನು ಮುಟ್ಟುವುದಿಲ್ಲ, ತಟ್ಟೆ ಎಬ್ಬಿಸುವ ಗಾಳಿಯ ಮೇಲೆ ತೇಲುತ್ತದೆ. ನಡುವಿನ ಅಂತರ ಹತ್ತು ನ್ಯಾನೋಮೀಟರಿಗಿಂತ ಕಡಿಮೆ. ನಿಮ್ಮ ತಲೆಗೂದಲಿನ ದಪ್ಪ ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರ್. ಹಾಗೆ ತಿರುಗುತ್ತಿರುವಾಗ ಡಿಸ್ಕ್ ಕೆಳಗೆ ಬಿದ್ದರೆ?

ಅದು ನನ್ನ ಕಥೆ. ನಮ್ಮಪ್ಪ ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ಕರ್ಣನ ಪಾತ್ರ ಮಾಡುತ್ತಿದ್ದರು. 1996ರ ನಾಟಕವನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ನಾನು ಕೆಲಸಕ್ಕೆ ಸೇರಿದ ಮೇಲೆ ದೊಡ್ಡ ಎಂಜಿನಿಯರ್ ಎಂಬ ಹಮ್ಮಿನಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಇನ್ನು ಇದೇಕೆ ಎಂದು, ಮನೆಗೆ ಸುಣ್ಣ ಹೊಡೆಸುವಾಗ ಕ್ಯಾಸೆಟ್ಟನ್ನು ಗುಜರಿಗೆ ಹಾಕಿದೆ. 2014ರಲ್ಲಿ ಅಪ್ಪ ತೀರಿಕೊಂಡರು. 2017ರಲ್ಲಿ ಓಡುತ್ತಿದ್ದ ಡಿಸ್ಕ್ ಮೇಜಿನಿಂದ ಬಿತ್ತು. ಟಕ್ ಟಕ್ ಎಂಬ ಸದ್ದು. ಆ ಸದ್ದಿನ ಅರ್ಥ ನನಗೆ ಗೊತ್ತಿತ್ತು. ಬಿಚ್ಚಿ ನೋಡಿದವರು ತಟ್ಟೆಯ ಮೇಲೆ ಉಂಗುರದಂಥ ಗೀರು ತೋರಿಸಿದರು. ಮಾಹಿತಿ ಸಂಗ್ರಹದ ಸಾಫ್ಟ್‌ವೇರ್ ಬರೆದು ಸಂಬಳ ತೆಗೆದುಕೊಳ್ಳುವ ನಾನು ಅಪ್ಪನ ದನಿಗೆ ಎರಡನೆಯ ಪ್ರತಿ ಮಾಡಿರಲಿಲ್ಲ.

ಆಮೇಲೆ ನಮ್ಮೂರಿನ ಟೈಲರ್ ಒಬ್ಬರ ಬಳಿ ಅದೇ ಕ್ಯಾಸೆಟ್ಟಿನ ನಕಲು ಸಿಕ್ಕಿತು. ಟೇಪು ಸಾಲದೆ ಅವರು ಎ ಸೈಡ್ ಮಾತ್ರ ಮಾಡಿಸಿಕೊಂಡಿದ್ದರು. ಅಪ್ಪನ ಹಾಡುಗಳೆಲ್ಲ ಬಿ ಸೈಡಿನಲ್ಲಿದ್ದವು. ಎ ಸೈಡಿನ ಕೊನೆಗೆ ಅವರ ಒಂದು ಪದ್ಯ ಶುರುವಾಗುತ್ತದೆ. ಎರಡನೆಯ ಸಾಲಿಗೆ ಟೇಪು ಮುಗಿಯುತ್ತದೆ.

ನಿಮ್ಮ ಪೆನ್‌ಡ್ರೈವ್, ಮೆಮರಿ ಕಾರ್ಡ್, ಮೊಬೈಲಿನಲ್ಲಿ ತಿರುಗುವಂಥದ್ದು ಏನೂ ಇಲ್ಲ. ಬಿದ್ದರೆ ಚಿಂತೆ ಕಡಿಮೆ. ಅಲ್ಲಿರುವುದು ಫ್ಲ್ಯಾಶ್ ಚಿಪ್. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೋ ಮಸುವೋಕ 1980ರ ದಶಕದಲ್ಲಿ ರೂಪಿಸಿದ್ದು. ಬಾಗಿಲೇ ಇಲ್ಲದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಹೆಚ್ಚಿನ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನುಗಳು ಗೋಡೆ ತೂರಿ ಒಳಗೆ ಹೋಗುತ್ತವೆ. ಕರೆಂಟ್ ತೆಗೆದರೆ ಅಲ್ಲೇ ಸಿಕ್ಕಿಬೀಳುತ್ತವೆ. ಕೋಣೆ ತುಂಬಿದ್ದರೆ ‘ಸೊನ್ನೆ’, ಖಾಲಿಯಿದ್ದರೆ ‘ಒಂದು’. ಉಲ್ಟಾ ಅನ್ನಿಸಬಹುದು, ರೂಢಿ ಹಾಗೆ. ಪ್ರತಿ ಸಲ ಗೋಡೆ ತೂರಿದಾಗಲೂ ಗೋಡೆ ಸ್ವಲ್ಪ ಸವೆಯುತ್ತದೆ. ಅದಕ್ಕೇ ಇಷ್ಟು ಸಲ ಮಾತ್ರ ಬರೆಯಬಹುದು ಎಂಬ ಮಿತಿ ಇದೆ. ಡ್ರಾಯರಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಇಟ್ಟರೂ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರಿಹೋಗುತ್ತವೆ. ಮದುವೆಯ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿ ಟ್ರಂಕಿನಲ್ಲಿಟ್ಟವರು ಇಲ್ಲಿದ್ದರೆ ದಯವಿಟ್ಟು ಮನೆಗೆ ಹೋಗಿ ಒಮ್ಮೆ ತೆಗೆದು ನೋಡಿ.

‘ಕ್ಲೌಡ್’ ಅಂದರೆ ಮೋಡವಲ್ಲ, ಬೇರೆಯವರ ಕಟ್ಟಡದಲ್ಲಿರುವ ಹಾರ್ಡ್ ಡಿಸ್ಕು, ಚಿಪ್ಪುಗಳೇ. ಒಂದು ಕೆಟ್ಟೇ ಕೆಡುತ್ತದೆ ಎಂದುಕೊಂಡೇ ಒಂದೊಂದು ಫೈಲನ್ನು ಹಲವು ಕಡೆ ಇಟ್ಟಿರುತ್ತಾರೆ. ಅವರ ಜಾಣತನ ಅಷ್ಟೇ. ಇನ್ನೊಂದು ತಮಾಷೆ: ಟೇಪು ಸತ್ತಿಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ತನ್ನ ಪ್ರಯೋಗಗಳ ದತ್ತಾಂಶವನ್ನು ಇಂದಿಗೂ ಟೇಪಿನಲ್ಲೇ ಕಾಪಿಡುತ್ತದೆ. ಎಲ್.ಟಿ.ಒ.-9 ಎಂಬ ಬಗೆಯ ಒಂದೇ ಟೇಪು 18 ಟೆರಾಬೈಟ್ ಹಿಡಿಯುತ್ತದೆ.

ತಾಳೆಗರಿಯೂ ಇದೇ ಜಾತಿ. ಮೊನೆಯಿಂದ ಗೀರುವುದು, ಗೀರಿಗೆ ಮಸಿ ಸವರುವುದು. ಅದಕ್ಕೂ ಹುಳು ಹತ್ತುತ್ತಿತ್ತು. ಕನ್ನಡ ಮೇಷ್ಟ್ರು ನಮಗೆ ಅತ್ತಿಮಬ್ಬೆಯ ವಿಷಯ ಹೇಳಿದ್ದರು. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು. ಆಗ ನಾನು ಅದನ್ನು ದಾನ ಎಂದು ನೋಟ್ಸಿನಲ್ಲಿ ಬರೆದುಕೊಂಡು ಎರಡು ಅಂಕ ಪಡೆದಿದ್ದೆ. ಈಗ ಆಫೀಸಿನಲ್ಲಿ ‘ಬ್ಯಾಕಪ್’ ಎಂಬ ಮಾತು ಬಂದಾಗಲೆಲ್ಲ ಆಕೆ ನೆನಪಾಗುತ್ತಾಳೆ.

ಈ ಸಂಚಿಕೆಗಾಗಿ ಸ್ಕ್ಯಾನ್ ಮಾಡಿದ ಫೋಟೋಗಳು ಮತ್ತು ದಾಖಲಾತಿ ರಿಜಿಸ್ಟರಿನ ಪುಟಗಳು ಈಗ ಮೂರು ಕಡೆ ಇವೆ. ಒಂದು ಪ್ರತಿ ಇಲ್ಲಿನ ಲ್ಯಾಬಿನ ಕಂಪ್ಯೂಟರಿನಲ್ಲಿ. ಇನ್ನೊಂದು ಕ್ಲೌಡಿನಲ್ಲಿ, ಅದರ ಪಾಸ್‌ವರ್ಡ್ ಕಚೇರಿಯ ಲಕೋಟೆಯಲ್ಲಿದೆ. ಮೂರನೆಯದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಹಾರ್ಡ್ ಡಿಸ್ಕಿನ ಮೇಲೆ, ದಾರ ಕಟ್ಟಿದ ಚೀಟಿಯಲ್ಲಿ ತಾರೀಖು ಬರೆದು ಇಟ್ಟಿದ್ದೇವೆ. ಚೀಟಿಯಲ್ಲಿ ಬರೆಯಿರಿ, ಡಿಸ್ಕಿನ ಮೇಲಲ್ಲ! ಪ್ರತಿ ವರ್ಷ ಆಗಸ್ಟ್ 15ರಂದು ಧ್ವಜಾರೋಹಣ ಮುಗಿದು ಸಿಹಿ ಹಂಚಿದ ಮೇಲೆ ಒಂಬತ್ತನೇ ತರಗತಿಯವರು ಮೂರನ್ನೂ ತೆರೆದು ನೋಡಬೇಕು. ಯಾವುದಾದರೂ ತೆರೆಯದಿದ್ದರೆ ಉಳಿದ ಎರಡರಿಂದ ಹೊಸದು ಮಾಡಬೇಕು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮೊದಲ ಸರದಿ ‘ಎ’ ವಿಭಾಗದವರದು. ಡಿಸ್ಕನ್ನು ಮೇಜಿನ ನಡುವೆ ಇಡಿ, ಅಂಚಿನಲ್ಲಿ ಬೇಡ.

ಪ್ರಶ್ನೆ ಇರುವವರು ಕೈ ಎತ್ತಬಹುದು. ಕೊನೆಯ ಬೆಂಚಿನವರಿಗೆ ಮೊದಲ ಅವಕಾಶ.