ವಸಡಿನ ರೋಗಕ್ಕೆ ಮಾತ್ರೆಯೊಂದೇ ಮದ್ದಲ್ಲ



ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ, ಅದು ದೇಹದ ಉಷ್ಣವೆಂದು ಸುಮ್ಮನಾಗುವವರು ಅನೇಕರು. ಮತ್ತೆ ಕೆಲವರು ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗುತ್ತಾರೆ. ಇವೆರಡೂ ಸರಿಯಲ್ಲ. ಏಕೆಂಬುದನ್ನು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ತಿಳಿಸಿಕೊಟ್ಟಿವೆ.

ಹಲ್ಲಿನ ಬುಡದಲ್ಲಿ ಕೂಡುವ ಅಂಟಾದ ಪಾಚಿಯು ರೋಗಾಣುಗಳ ಬೀಡು. 1960ರ ದಶಕದಲ್ಲಿ ಅಮೆರಿಕದ ಪಾಲ್ ಕೀಸ್ ಮತ್ತು ಹೆರಾಲ್ಡ್ ಜೋರ್ಡಾನ್ ಅವರು, ಇಲಿಯನ್ನು ಹೋಲುವ ಹ್ಯಾಮ್‌ಸ್ಟರ್ ಪ್ರಾಣಿಗಳಲ್ಲಿ ವಸಡಿನ ರೋಗವು ರೋಗಾಣುಗಳ ಮೂಲಕ ಒಂದರಿಂದ ಮತ್ತೊಂದಕ್ಕೆ ಹರಡಬಲ್ಲುದೆಂದು ತೋರಿಸಿದರು. ಸ್ವೀಡನ್ನಿನ ಯಾನ್ ಲಿಂಡೆ ಮತ್ತು ಸಂಗಡಿಗರು ಬೀಗಲ್ ಜಾತಿಯ ನಾಯಿಗಳನ್ನು ನಾಲ್ಕು ವರ್ಷ ಪರೀಕ್ಷಿಸಿ, 1975ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಿತ್ಯವೂ ಹಲ್ಲುಜ್ಜಲಾದ ನಾಯಿಗಳ ವಸಡು ಆರೋಗ್ಯವಾಗಿತ್ತು. ಪಾಚಿಯನ್ನು ಹಾಗೆಯೇ ಬಿಟ್ಟ ನಾಯಿಗಳಲ್ಲಿ ವಸಡು ಬಾತು, ಹೆಚ್ಚಿನವುಗಳಲ್ಲಿ ಹಲ್ಲನ್ನು ಹಿಡಿದಿಡುವ ಎಲುಬೂ ಕರಗಿತ್ತು.

ಇನ್ನು ಔಷಧದ ವಿಷಯ. 1983ರಲ್ಲಿ ಅಮೆರಿಕದ ಲೋರ್ನ್ ಗೋಲಬ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಇಲಿಗಳಿಗೆ ಟೆಟ್ರಾಸೈಕ್ಲಿನ್ ವರ್ಗದ ಮಿನೋಸೈಕ್ಲಿನ್ ಕೊಟ್ಟರು. ರೋಗಾಣುಗಳಿಲ್ಲದಂತೆ ಬೆಳೆಸಿದ ಇಲಿಗಳಲ್ಲಿಯೂ ವಸಡನ್ನು ಕರಗಿಸುವ ಕಿಣ್ವದ ಚಟುವಟಿಕೆ ತಗ್ಗಿತು! ರೋಗಾಣುಗಳನ್ನು ತಡೆಯುವುದಲ್ಲದೆ, ದೇಹವೇ ತನ್ನ ವಸಡನ್ನು ಹಾಳುಮಾಡಿಕೊಳ್ಳುವುದನ್ನೂ ಈ ಔಷಧ ತಡೆಯುವುದೆಂದು ಇದರಿಂದ ತಿಳಿಯಿತು. ಇದೇ ಮಾರ್ಗದಲ್ಲಿ ಮುಂದುವರಿದು, 1998ರಲ್ಲಿ ಅಮೆರಿಕವು 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಔಷಧಕ್ಕೆ ಅನುಮತಿ ನೀಡಿತು. ಆದರೆ ದಂತವೈದ್ಯರು ಹಲ್ಲಿನ ಪಾಚಿಯನ್ನು ಕೆರೆದು ಶುದ್ಧಗೊಳಿಸುವುದರ ಜೊತೆಗೆ ಮಾತ್ರ ಅದನ್ನು ಕೊಡತಕ್ಕದ್ದು. ಪಾಚಿ ಉಳಿದರೆ ರೋಗವೂ ಉಳಿಯುವುದು.

ತಾಯಂದಿರೇ, ಇಲ್ಲೊಂದು ಮುಖ್ಯ ಎಚ್ಚರಿಕೆ. ಬಸುರಿಯರಲ್ಲಿ ವಸಡು ಊದಿ ರಕ್ತ ಬರುವುದು ಸಾಮಾನ್ಯ. ಆಗ ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಸ್ವತಃ ಕೊಂಡು ನುಂಗಬಾರದು. ಗರ್ಭದ ಉತ್ತರಾರ್ಧದಲ್ಲಿ ತಾಯಿ ಅದನ್ನು ಸೇವಿಸಿದರೆ, ಹುಟ್ಟುವ ಮಗುವಿನ ಹಲ್ಲು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು. ಆ ಕಲೆ ತೊಳೆದರೆ ಹೋಗದು. ಎಳೆಯ ಮಕ್ಕಳಿಗೂ ಅದನ್ನು ನೀವಾಗಿ ಕೊಡಬೇಡಿ.

ಆದುದರಿಂದ ಮನೆಯವರೆಲ್ಲರೂ ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಮೃದುವಾಗಿ ಹಲ್ಲುಜ್ಜಿರಿ. ಹೊಗೆಸೊಪ್ಪನ್ನು ತ್ಯಜಿಸಿರಿ. ರಕ್ತ ಬರುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ದಂತವೈದ್ಯರನ್ನು ಕಾಣಿರಿ. ಬಸುರಿಯಾಗಿದ್ದರೆ ಅದನ್ನು ಮೊದಲೇ ತಿಳಿಸಿರಿ. ಹೆಂಡತಿಯ ವಸಡಿನ ರಕ್ತವನ್ನು ಗಂಡನೂ, ಗಂಡನ ವಸಡಿನ ರಕ್ತವನ್ನು ಹೆಂಡತಿಯೂ ಅಲಕ್ಷಿಸದಿರಲಿ.